ಲ್ಯಾಪ್‌ಟಾಪ್ ‘ಸತ್ತೋಯ್ತು’ ಅಂದ್ರೆ ಸತ್ತಿದ್ದು ಯಾವುದು?

ಭಾನುವಾರ ರಾತ್ರಿ ಹತ್ತು ಗಂಟೆ ಮೇಲೆ ನನಗೆ ಫೋನ್ ಬಂತು ಅಂದ್ರೆ ಎರಡೇ ಕಾರಣ. ಒಂದೋ ಊರಲ್ಲಿ ಯಾರಿಗೋ ಹುಷಾರಿಲ್ಲ, ಇಲ್ಲವೋ ಸೋಮವಾರ ಬೆಳಿಗ್ಗೆ ಮುಖ್ಯ ಕೆಲಸ ಇರುವ ಯಾರದೋ ಲ್ಯಾಪ್‌ಟಾಪ್ ಕೈ ಕೊಟ್ಟಿದೆ. ಹೋದ ತಿಂಗಳು ಹಾಸನದಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದಾಗ, ಎರಡನೆಯದೇ ಆಗಿರಲಪ್ಪಾ ಅಂದುಕೊಂಡೇ ಎತ್ತಿದೆ.

“ಅಣ್ಣ, ಲ್ಯಾಪ್‌ಟಾಪ್ ಸತ್ತೋಯ್ತು ಕಣೋ. ಬೆಳಿಗ್ಗೆ ಒಂಬತ್ತಕ್ಕೆ ಆನ್‌ಲೈನ್ ಟ್ಯೂಷನ್ ಇದೆ.”

ಈ ‘ಸತ್ತೋಯ್ತು’ ಅನ್ನೋ ಮಾತಿಗೆ ಕಡಿಮೆ ಅಂದ್ರೂ ನಾಲ್ಕು ಅರ್ಥ ಇದೆ. ಬಟನ್ ಒತ್ತಿದರೆ ಒಂದು ಲೈಟೂ ಬರಲ್ಲ ಅನ್ನೋದು ಒಂದು. ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು ಅನ್ನೋದು ಇನ್ನೊಂದು. ಲೋಗೋ ಬಂದು, ಅದರ ಕೆಳಗೆ ಚುಕ್ಕೆಗಳು ಸುತ್ತುತ್ತಲೇ ಇವೆ ಅನ್ನೋದು ಮೂರನೆಯದು. ನಾಲ್ಕನೆಯವರಿಗೆ ಬರೀ ವೈಫೈ ಬರ್ತಿರಲ್ಲ, ಅವರೂ ‘ಸತ್ತೋಯ್ತು’ ಅಂತಲೇ ಹೇಳ್ತಾರೆ. ಅಂಗಡಿಗೆ ಹೋಗಿ ನಾಲ್ಕೂ ಜನ ಒಂದೇ ಮಾತು ಹೇಳಿದರೆ ಅಂಗಡಿಯವರು ಕೊಡೋ ಉತ್ತರವೂ ಒಂದೇ: “ಬಿಟ್ಟು ಹೋಗಿ ಸಾರ್, ಬೋರ್ಡ್ ಇರಬೇಕು, ನೋಡಿ ಹೇಳ್ತೀವಿ.” ಅದಕ್ಕೇ ನಾನು ಫೋನಿನಲ್ಲಿ ಮೊದಲು ಕೇಳೋದು ‘ಏನಾಯ್ತು’ ಅಂತ ಅಲ್ಲ. ‘ಏನೇನು ಇನ್ನೂ ಬದುಕಿದೆ’ ಅಂತ.

ಚಾರ್ಜರ್ ಸಿಕ್ಕಿಸಿದಾಗ ಪಕ್ಕದ ಚಿಕ್ಕ ಲೈಟ್ ಹತ್ತುತ್ತಾ? ಪವರ್ ಬಟನ್ ಒತ್ತಿದ ಮೇಲೆ ಕಿವಿ ಹತ್ತಿರ ಇಟ್ಟರೆ ಫ್ಯಾನ್ ಸದ್ದು ಕೇಳುತ್ತಾ? ಕ್ಯಾಪ್ಸ್ ಲಾಕ್ ಕೀಗೆ ಲೈಟ್ ಇದ್ದರೆ, ಒತ್ತಿದಾಗ ಅದು ಹತ್ತಿ ಆರುತ್ತಾ? ಕ್ಯಾಪ್ಸ್ ಲಾಕ್ ಲೈಟ್ ಕುಣೀತಾ ಇದ್ದರೆ ಒಳಗಿನ ಯಂತ್ರ ಎಚ್ಚರವಾಗಿದೆ ಅಂತ ಅರ್ಥ. ಆಗ ಸತ್ತಿರೋದು ಲ್ಯಾಪ್‌ಟಾಪ್ ಅಲ್ಲ, ಬರೀ ಚಿತ್ರ.

ಚಿತ್ರ ಮಾತ್ರ ಹೋಗಿದ್ದರೆ ಮನೆಯಲ್ಲೇ ಮಾಡಬಹುದಾದ್ದು ಮೂರಿದೆ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ಬಿ ಒತ್ತಿ. ಒಂದು ಬೀಪ್ ಬಂದು ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ, ಎಷ್ಟೋ ಸಲ ಅಷ್ಟಕ್ಕೇ ಸ್ಕ್ರೀನ್ ವಾಪಸ್ ಬರುತ್ತೆ. ಬರಲಿಲ್ಲ ಅಂದ್ರೆ ರೂಮಿನ ಲೈಟ್ ಆರಿಸಿ ಫೋನಿನ ಟಾರ್ಚನ್ನ ಸ್ಕ್ರೀನಿನ ಮೇಲೆ ಓರೆಯಾಗಿ ಬಿಡಿ. ಮಸುಕು ಮಸುಕಾಗಿ ಐಕಾನ್‌ಗಳು ಕಂಡರೆ ಸ್ಕ್ರೀನ್ ಕೆಲಸ ಮಾಡ್ತಿದೆ, ಅದರ ಹಿಂದಿನ ಬೆಳಕು ಹೋಗಿದೆ ಅಷ್ಟೇ. ಮೂರನೆಯದು, ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಕೊಡಿ. ಟಿವಿಯಲ್ಲಿ ಸರಿಯಾಗಿ ಬಂದರೆ ಬೋರ್ಡ್ ಚೆನ್ನಾಗಿದೆ. ಸ್ಕ್ರೀನಿಗೋ ಅದರ ಕೇಬಲ್ಲಿಗೋ ಮಾತ್ರ ದುಡ್ಡು ಕೊಟ್ಟರೆ ಸಾಕು. ಈ ಮೂರು ಮಾಡಿ ಅಂಗಡಿಗೆ ಹೋದವರ ಹತ್ತಿರ ‘ಬೋರ್ಡ್ ಹೋಗಿದೆ’ ಅನ್ನೋ ಮಾತು ಅಷ್ಟು ಸುಲಭವಾಗಿ ಓಡಲ್ಲ.

ತಂಗಿಯದು ಇದ್ಯಾವುದೂ ಅಲ್ಲ. ಚಾರ್ಜರ್ ಲೈಟ್ ಹತ್ತಿದೆ, ಬಟನ್ ಒತ್ತಿದರೆ ಏನಂದ್ರೆ ಏನೂ ಇಲ್ಲ. ಚಾರ್ಜರ್ ಯಾವುದು ಅಂತ ಕೇಳಿದೆ, ಅದರದ್ದೇ ಅಂದಳು. (ಇದನ್ನ ಸುಮ್ಮನೆ ಕೇಳೋದಲ್ಲ. ಟೈಪ್ ಸಿ ಪಿನ್ ಬಂದ ಮೇಲೆ ಎಲ್ಲ ಚಾರ್ಜರೂ ಎಲ್ಲಕ್ಕೂ ಹಿಡಿಸುತ್ತೆ. ಆದರೆ 65 ವ್ಯಾಟ್ ಕೇಳುವ ಲ್ಯಾಪ್‌ಟಾಪಿಗೆ 18 ವ್ಯಾಟಿನ ಫೋನ್ ಚಾರ್ಜರ್ ಹಾಕಿದರೆ ರಾತ್ರಿಯೆಲ್ಲಾ ಸಿಕ್ಕಿಸಿಟ್ಟರೂ ಬೆಳಿಗ್ಗೆ ಬ್ಯಾಟರಿ ಖಾಲಿಯೇ ಇರಬಹುದು.)

“ಹಾಗಾದ್ರೆ ಚಾರ್ಜರ್ ತೆಗಿ. ಪೆನ್ ಡ್ರೈವ್, ಮೌಸ್ ಏನಿದೆ ಎಲ್ಲಾ ತೆಗಿ. ಈಗ ಪವರ್ ಬಟನ್ ಒತ್ತಿ ಹಿಡ್ಕೋ, ಮೂವತ್ತು ಎಣಿಸೋವರೆಗೂ ಬಿಡಬೇಡ.”

“ಅದು ಆನೇ ಆಗ್ತಿಲ್ಲ, ಒತ್ತಿ ಏನು ಮಾಡ್ಲಿ?”

“ಒತ್ತೇ ಮಾರಾಯ್ತಿ.”

ಇದು ಮಂತ್ರ ಅಲ್ಲ. ಲ್ಯಾಪ್‌ಟಾಪ್ ಆಫ್ ಆಗಿರುವಾಗಲೂ ಒಳಗೆ ಒಂದು ಪುಟ್ಟ ಚಿಪ್ ಎದ್ದೇ ಇರುತ್ತೆ. ಪವರ್ ಬಟನ್ ಒತ್ತಿದ್ರಾ, ಮುಚ್ಚಳ ತೆರೆದ್ರಾ, ಚಾರ್ಜರ್ ಸಿಕ್ಕಿಸಿದ್ರಾ ಅಂತ ಕಾಯೋದೇ ಅದರ ಕೆಲಸ. ಮನೆಯ ಕಾವಲುಗಾರ ಇದ್ದ ಹಾಗೆ. ಆ ಕಾವಲುಗಾರನೇ ಎಲ್ಲೋ ಸಿಕ್ಕಿಹಾಕಿಕೊಂಡರೆ ನೀವು ಎಷ್ಟು ಬೆಲ್ ಒತ್ತಿದರೂ ಬಾಗಿಲು ತೆಗೆಯಲ್ಲ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕ್ತಿದ್ವಿ, ಅದು ಸರಿಹೋಗ್ತಿತ್ತು. ಈಗಿನದರಲ್ಲಿ ಬ್ಯಾಟರಿ ಒಳಗೆ ಸೇರಿಹೋಗಿದೆ, ಹಾಗಾಗಿ ಬಟನ್ ದೀರ್ಘವಾಗಿ ಒತ್ತಿ ಹಿಡಿಯೋದೇ ಅದಕ್ಕೆ ದಾರಿ. ಮೂವತ್ತು ಸೆಕೆಂಡ್ ಆದ ಮೇಲೆ ಬಿಟ್ಟು, ಒಂದು ನಿಮಿಷ ಸುಮ್ಮನಿದ್ದು, ಚಾರ್ಜರ್ ಮಾತ್ರ ಸಿಕ್ಕಿಸಿ, ಸಾಮಾನ್ಯವಾಗಿ ಒತ್ತುವ ಹಾಗೆ ಬಟನ್ ಒತ್ತಿ.

ಫ್ಯಾನ್ ತಿರುಗಿತು. ಲೋಗೋ ಬಂತು. “ಬಂತು ಬಂತು!” ಅಂತ ಕಿರುಚಿದಳು. ಆಮೇಲೆ ಸದ್ದಿಲ್ಲ.

“ಅಣ್ಣ, ನೀಲಿ ಸ್ಕ್ರೀನ್ ಬಂದಿದೆ. ಬಿಟ್‌ಲಾಕರ್ ಅಂತೆ. ರಿಕವರಿ ಕೀ ಹಾಕು ಅಂತಿದೆ.”

ಆಗ ನಿಜವಾಗ್ಲೂ ಎದೆ ಧಸಕ್ ಅಂತು.

ನೀಲಿ ಸ್ಕ್ರೀನ್ ಅಂದ ತಕ್ಷಣ ನಿಮಗೆ 2024ರ ಜುಲೈ 19 ನೆನಪಾಗಬಹುದು. ಅವತ್ತು ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರವೇ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿಗಟ್ಟಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಪೆನ್ನಿನಲ್ಲಿ ಬರೆದುಕೊಟ್ಟರು. ಅಷ್ಟು ಯಂತ್ರಗಳಲ್ಲಿ ಒಂದರದ್ದೂ ಬೋರ್ಡ್ ಹೋಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರೆ ಮುಗೀತು. ಆದರೆ ಆ ಸೇಫ್ ಮೋಡ್‌ಗೆ ಹೋಗಬೇಕಾದರೆ ಎಷ್ಟೋ ಕಡೆ ಇದೇ ಬಿಟ್‌ಲಾಕರ್ ಅಡ್ಡ ಬಂದು ಕೀ ಕೇಳಿತು. ಒಂದು ಫೈಲ್ ಅಳಿಸೋ ಕೆಲಸ ದಿನಗಟ್ಟಲೆ ಎಳೆಯೋದಕ್ಕೆ ಅದೂ ಒಂದು ಕಾರಣ.

ವಿಷಯ ಏನು ಅಂದ್ರೆ, ವಿಂಡೋಸ್ 11 ಇರುವ ಲ್ಯಾಪ್‌ಟಾಪನ್ನ ಮೊದಲ ದಿನ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡ್ತೀರಲ್ಲ, ಆಗ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗೇ ಬೀಗ ಬೀಳುತ್ತೆ. ನೀವು ಎಲ್ಲೂ ‘ಆನ್’ ಮಾಡಬೇಕಾಗಿಲ್ಲ. ಒಳ್ಳೆಯದಕ್ಕೇ ಇದೆ ಅದು, ಕಳ್ಳ ಲ್ಯಾಪ್‌ಟಾಪ್ ಕದ್ದು ಡಿಸ್ಕ್ ಬಿಚ್ಚಿಕೊಂಡರೂ ಒಳಗಿನದ್ದು ಓದೋಕಾಗಲ್ಲ. ದಿನನಿತ್ಯ ಬೀಗ ತೆಗೆಯೋ ಕೆಲಸ ಬೋರ್ಡಿನಲ್ಲಿರುವ ಟಿಪಿಎಂ ಎಂಬ ಚಿಪ್ಪಿನದು. ಬಯೋಸ್ ಅಪ್‌ಡೇಟ್ ಆಯ್ತು, ಬೋರ್ಡ್ ಬದಲಾಯ್ತು ಅಂದ್ರೆ ಆ ಚಿಪ್ಪಿಗೆ ‘ಇದು ನಮ್ಮನೆಯೇನಾ’ ಅಂತ ಅನುಮಾನ ಬರುತ್ತೆ. ಆಗ 48 ಅಂಕಿಯ ಕೀ ಕೇಳುತ್ತೆ. ತಂಗಿಯನ್ನ ಕೇಳಿದರೆ, ಸಂಜೆ ಅಪ್‌ಡೇಟ್ ಅಂತ ಏನೋ ಓಡ್ತಿತ್ತು, ಬಹಳ ಹೊತ್ತಾಯ್ತು ಅಂತ ಮುಚ್ಚಿಟ್ಟೆ ಅಂದಳು. ಅಲ್ಲಿಗೆ ಕಥೆ ಅರ್ಥವಾಯ್ತು.

“ಏನೂ ಮುಟ್ಟಬೇಡ. ಬೆಳಿಗ್ಗೆ ಕ್ಲಾಸ್ ಫೋನಲ್ಲೇ ಮಾಡು. ಹತ್ತು ಗಂಟೆಗೆ ಕೂತು ನೋಡೋಣ” ಅಂದೆ.

ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು, ಆದರೆ ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನ್. ಅಂಗಡಿಯ ಮುಂದೆ ನಿಂತಿದ್ದಾಳೆ. “ಎಂಟುನೂರು ರೂಪಾಯಿ ಅಂತೆ, ಫಾರ್ಮ್ಯಾಟ್ ಹೊಡೆದು ಒಂದು ಗಂಟೆಯಲ್ಲಿ ಕೊಡ್ತಾರಂತೆ. ಕೊಡ್ಲಾ?”

ಅಂಗಡಿಯವನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವನ ಟೇಬಲ್ಲಿಗೆ ದಿನಕ್ಕೆ ಎಷ್ಟೋ ಲ್ಯಾಪ್‌ಟಾಪ್ ಬರುತ್ತವೆ, ಕೀ ಕೇಳಿದರೆ ಎಲ್ಲರೂ ಮಿಕಮಿಕ ನೋಡ್ತಾರೆ. ಫಾರ್ಮ್ಯಾಟ್ ಮಾಡಿದರೆ ಯಂತ್ರ ಓಡುತ್ತೆ, ಗಿರಾಕಿ ಖುಷಿಯಾಗಿ ಹೋಗ್ತಾನೆ. ಇನ್ನೊಂದು ಮಾತು, ನಾನೂ ಇದನ್ನ ಮಾಡಿದ್ದೀನಿ. ಪಿಜಿಯಲ್ಲಿದ್ದಾಗ ರೂಮ್‌ಮೇಟ್ ಒಬ್ಬನ ಲ್ಯಾಪ್‌ಟಾಪನ್ನ ವೈರಸ್ ಅಂತ ನಾನೇ ಫಾರ್ಮ್ಯಾಟ್ ಮಾಡಿ, ಆಮೇಲೆ ಅವನು “ಡಿ ಡ್ರೈವಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಇತ್ತಲ್ಲೋ” ಅಂದಾಗ ಬೆವತುಹೋಗಿದ್ದೆ. ಅದು ಹಳೇ ಕಾಲದ ಹಾರ್ಡ್ ಡಿಸ್ಕ್. ಮೇಲಿಂದ ಮೇಲೆ ಮಾಡಿದ ಫಾರ್ಮ್ಯಾಟು ಪುಸ್ತಕದ ಪರಿವಿಡಿಯ ಹಾಳೆ ಹರಿದ ಹಾಗೆ, ಒಳಗಿನ ಪುಟಗಳು ಅಲ್ಲೇ ಇರುತ್ತಿದ್ದವು. ಇಡೀ ರಾತ್ರಿ ರಿಕವರಿ ಸಾಫ್ಟ್‌ವೇರ್ ಓಡಿಸಿ ಮುಕ್ಕಾಲುಪಾಲು ವಾಪಸ್ ತೆಗೆದೆವು. ಈಗಿನ ಬೀಗ ಹಾಕಿದ ಎಸ್‌ಎಸ್‌ಡಿಯಲ್ಲಿ ಆ ಆಟ ನಡೆಯಲ್ಲ. ಪುಟ ಸಿಕ್ಕರೂ ಅಕ್ಷರ ಓದೋಕೆ ಕೀ ಬೇಕು. ಕೀ ಕಳೆದುಹೋಗಿದ್ದರೆ ಮೈಕ್ರೋಸಾಫ್ಟ್‌ನವರ ಕೈಯಲ್ಲೂ ಏನೂ ಮಾಡೋಕಾಗಲ್ಲ.

“ಅದರಲ್ಲಿ ಏನೇನಿದೆ?” ಅಂತ ಕೇಳಿದೆ.

“ಏನಿಲ್ಲ ಕಣೋ. ನೋಟ್ಸ್ ಎಲ್ಲಾ ಡ್ರೈವಲ್ಲಿದೆ.” ಸ್ವಲ್ಪ ಹೊತ್ತು ಸುಮ್ಮನಾದಳು. “ಅಯ್ಯೋ. ಅಪ್ಪನ ಫೋನಲ್ಲಿದ್ದಿದ್ದೆಲ್ಲ ಅದಕ್ಕೇ ಹಾಕಿದ್ದೆ.”

ಚಿಕ್ಕಪ್ಪ ತೀರಿಕೊಂಡು ಎರಡು ವರ್ಷದ ಮೇಲಾಯ್ತು. ಅವರ ಫೋನ್ ಹಾಳಾಗೋ ಮುಂಚೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿದ್ದಳು. ಮೊಮ್ಮಗಳಿಗೆ ಹಾಡು ಹೇಳಿಕೊಡುವ ವಿಡಿಯೋಗಳು, ದನಿಯಲ್ಲೇ ಕಳಿಸ್ತಿದ್ದ ವಾಟ್ಸ್ಯಾಪ್ ಮೆಸೇಜುಗಳು. ಇನ್ನೊಂದು ಕಾಪಿ ಎಲ್ಲೂ ಇಲ್ಲ. ಸಮಸ್ಯೆ ಇದ್ದಾಗ ಯಾರಿಗೂ ಇದು ಮೊದಲು ನೆನಪಾಗಲ್ಲ. ಆಫೀಸಿನ ಫೈಲುಗಳೆಲ್ಲ ಈಗ ಎಲ್ಲೋ ಮೋಡದಲ್ಲಿವೆ ಅಂತ ನಾವು ನಿಶ್ಚಿಂತೆಯಾಗಿರ್ತೀವಿ. ಫೋನ್ ತುಂಬಿತು ಅಂತ ಲ್ಯಾಪ್‌ಟಾಪಿಗೆ ಇಳಿಸಿ ಫೋನಿನಿಂದ ಅಳಿಸಿದ್ದು ಮಾತ್ರ ಅದೊಂದೇ ಜಾಗದಲ್ಲಿರುತ್ತೆ.

ಲ್ಯಾಪ್‌ಟಾಪ್ ವಾಪಸ್ ತಗೊಂಡು ಮನೆಗೆ ಹೋಗು ಅಂದೆ.

ಕೀ ಎಲ್ಲಿರುತ್ತೆ ಅನ್ನೋದು ಆ ನೀಲಿ ಸ್ಕ್ರೀನಿನಲ್ಲೇ ಬರೆದಿರುತ್ತೆ, ಗಾಬರಿಯಲ್ಲಿ ಯಾರೂ ಓದಲ್ಲ. ಫೋನಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಅಂತ ಇರುವಲ್ಲಿ ನಿಮ್ಮ ಲ್ಯಾಪ್‌ಟಾಪಿನ ಹೆಸರು ಹುಡುಕಿದರೆ ಬಿಟ್‌ಲಾಕರ್ ಕೀ ಅಲ್ಲೇ ಸಿಗುತ್ತೆ. ಒಂದಕ್ಕಿಂತ ಹೆಚ್ಚು ಕೀ ಕಂಡರೆ ಸ್ಕ್ರೀನಿನ ಮೇಲಿನ ಕೀ ಐಡಿಯ ಮೊದಲ ಅಕ್ಷರಗಳನ್ನ ತಾಳೆ ನೋಡಬೇಕು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಕೀ ಸಾಮಾನ್ಯವಾಗಿ ನಿಮ್ಮ ಐಟಿ ವಿಭಾಗದವರ ಹತ್ತಿರ ಇರುತ್ತೆ, ಅವರಿಗೇ ಫೋನ್ ಮಾಡಿ. ಅದನ್ನ ಹೊರಗಿನ ಅಂಗಡಿಗೆ ಕೊಡಲೇಬೇಡಿ.

ತಂಗಿ ತನ್ನ ಅಕೌಂಟಿನಲ್ಲಿ ನೋಡಿದಳು. ಒಂದು ಡಿವೈಸೂ ಇಲ್ಲ.

ಲ್ಯಾಪ್‌ಟಾಪ್ ತಂದಿದ್ದು 2022ರಲ್ಲಿ, ಚಿಕ್ಕಪ್ಪ. ಮಗಳು ಬಾಣಂತನದಲ್ಲಿದ್ದಳು. ಅವರೇ ಡಬ್ಬ ಬಿಚ್ಚಿ, ಕೂತು, ತಮ್ಮ ಮೇಲ್ ಐಡಿ ಹಾಕಿ ಎಲ್ಲಾ ಸೆಟಪ್ ಮಾಡಿ ಕೊಟ್ಟಿದ್ದರು. ಇವಳಿಗೆ ನಾಲ್ಕಂಕಿಯ ಪಿನ್ ಹಾಕಿದರೆ ತೆರೆಯುತ್ತೆ ಅನ್ನೋದಷ್ಟೇ ಗೊತ್ತು. ಕೀ ಇರುವುದು ಅವರ ಅಕೌಂಟಿನಲ್ಲಿ, ಪಾಸ್‌ವರ್ಡ್ ಅವರೊಂದಿಗೇ ಹೋಯ್ತು. ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿಸಿದೆ. ಒಂದು ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ತೋರಿಸಿ, ಇದಕ್ಕೆ ಕೋಡ್ ಕಳಿಸಲಾ ಅಂತ ಕೇಳಿತು. ಚಿಕ್ಕಪ್ಪನ ನಂಬರು.

ಎರಡು ವರ್ಷ. ಕರೆನ್ಸಿ ಹಾಕದ ನಂಬರನ್ನ ಕಂಪನಿಯವರು ಕೆಲವು ತಿಂಗಳಲ್ಲೇ ಬೇರೆಯವರಿಗೆ ಕೊಟ್ಟುಬಿಡ್ತಾರೆ. ನಾನು ಆಸೆ ಬಿಟ್ಟೆ. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು.

“ಆ ಸಿಮ್ಮಾ? ಇದೆಯಲ್ಲಪ್ಪ, ನನ್ನ ಹಳೇ ಫೋನಲ್ಲಿ ಹಾಕಿಟ್ಟಿದ್ದೀನಿ. ತಿಂಗಳು ತಿಂಗಳು ಕರೆನ್ಸಿ ಹಾಕಿಸ್ತೀನಿ. ಬ್ಯಾಂಕಿನ ಮೆಸೇಜು ಬರ್ತಿರುತ್ತಲ್ಲ.”

ಬ್ಯಾಂಕಿನ ಮೆಸೇಜಿಗೆ ಮಾತ್ರವೇ ಹಾಕಿಸ್ತಿದ್ದರಾ ಅಂತ ನಾನು ಕೇಳಲಿಲ್ಲ. ಕೋಡ್ ಬಂತು. ಹೊಸ ಪಾಸ್‌ವರ್ಡ್ ಆಯ್ತು. ಡಿವೈಸ್ ಪಟ್ಟಿಯಲ್ಲಿ ಒಂದೇ ಒಂದು ಲ್ಯಾಪ್‌ಟಾಪ್, ಅದರಡಿ ಎಂಟು ಗುಂಪು, ಗುಂಪಿಗೆ ಆರು ಅಂಕಿ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಓದಿದರು, ತಂಗಿ ಒತ್ತಿದಳು. ಐದನೇ ಗುಂಪಿನಲ್ಲಿ ತಪ್ಪಾಗಿ ಒಂದು ಸಲ ಅಳಿಸಿ ಒತ್ತಬೇಕಾಯ್ತು. ವಿಂಡೋಸ್ ತೆರೆಯಿತು.

ಅವತ್ತೇ ಮೊದಲು ಮಾಡಿಸಿದ ಕೆಲಸ ಎರಡು ಕಾಪಿ. ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ, ಇನ್ನೊಂದು ಅವಳ ಗೂಗಲ್ ಡ್ರೈವಿಗೆ. ನೀವೂ ಓದಿ ಮುಗಿಸಿದ ಮೇಲೆ ಒಂದು ಸಲ ಲಾಗಿನ್ ಆಗಿ ನೋಡಿ, ನಿಮ್ಮ ಲ್ಯಾಪ್‌ಟಾಪ್ ಯಾರ ಹೆಸರಿನ ಅಕೌಂಟಿನಲ್ಲಿದೆ ಅಂತ. ಹಳೇ ಮೇಲ್ ಐಡಿ ಇರಬಹುದು, ಅಣ್ಣನದ್ದಿರಬಹುದು, ಅಂಗಡಿಯವನೇ ಸೃಷ್ಟಿಸಿದ ಯಾವುದೋ ಐಡಿಯೂ ಇರಬಹುದು. ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿರುವಾಗ ಇದು ಐದು ನಿಮಿಷದ ಕೆಲಸ.

ಎರಡು ವಾರದ ಮೇಲೆ ಹಾಸನಕ್ಕೆ ಹೋಗಿದ್ದೆ. ಅದೇ ಲ್ಯಾಪ್‌ಟಾಪ್ ಊಟದ ಟೇಬಲ್ ಮೇಲಿತ್ತು. ಟೈಪ್ ಮಾಡಿದರೆ ಕುಂಟು ಕಾಲಿನ ಸ್ಟೂಲಿನ ಹಾಗೆ ಅಲ್ಲಾಡುತ್ತೆ. ಟಚ್‌ಪ್ಯಾಡ್ ಬಲಗಡೆ ಒತ್ತಿದರೆ ಕ್ಲಿಕ್ಕೇ ಇಲ್ಲ. “ಅದು ಮೊದಲಿಂದಲೂ ಹಾಗೇ” ಅಂದಳು. ಟೇಬಲ್ಲಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ಅಡಿಭಾಗ ಪೂರಿ ಹಾಗೆ ಉಬ್ಬಿತ್ತು. ಬ್ಯಾಟರಿ.

ಈ ಒಂದು ವಿಷಯದಲ್ಲಿ ‘ಆಮೇಲೆ ನೋಡೋಣ’ ಅನ್ನಬೇಡಿ. ಲಿಥಿಯಂ ಬ್ಯಾಟರಿ ಒಳಗೆ ಗ್ಯಾಸ್ ತುಂಬಿ ಉಬ್ಬಿದರೆ ಅದು ಬೆಂಕಿಯ ಅಪಾಯ. ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಮತ್ತೆ ಸಿಕ್ಕಿಸಬೇಡಿ. ಒತ್ತಿ ಮಟ್ಟ ಮಾಡೋಕೆ, ಸ್ಕ್ರೂಡ್ರೈವರಿನಿಂದ ಮೀಟೋಕೆ ಹೋಗಬೇಡಿ, ತೂತು ಬಿದ್ದರೆ ಹೊತ್ತಿಕೊಳ್ಳುತ್ತೆ. ಬ್ಯಾಗಿನಲ್ಲಿ ಪುಸ್ತಕಗಳ ನಡುವೆ ತುರುಕದೆ ಸರ್ವೀಸ್ ಸೆಂಟರಿಗೆ ಒಯ್ದು ಬದಲಾಯಿಸಿ. ಹಳೇ ಬ್ಯಾಟರಿಯನ್ನ ಅವರಿಗೇ ಬಿಟ್ಟು ಬನ್ನಿ, ಕಸದ ಗಾಡಿಗೆ ಹಾಕಬೇಡಿ. ಇಡೀ ದಿನ ಚಾರ್ಜಿಗೆ ಹಾಕಿಕೊಂಡೇ ಕೆಲಸ ಮಾಡುವ ವರ್ಕ್ ಫ್ರಮ್ ಹೋಮ್‌ನವರು ತಮ್ಮ ಲ್ಯಾಪ್‌ಟಾಪ್ ಕಂಪನಿಯ ಆಪ್ ಒಳಗೆ ಚಾರ್ಜನ್ನ 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಇದೆಯಾ ನೋಡಿ. ಬಹಳ ಕಂಪನಿಗಳು ಕೊಟ್ಟಿವೆ. ಬ್ಯಾಟರಿ ಎಷ್ಟು ಸವೆದಿದೆ ತಿಳಿಯೋಕೆ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಷ್, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಒತ್ತಿ. ಒಂದು ಫೈಲ್ ಸಿದ್ಧವಾಗುತ್ತೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಅಂದ್ರೆ ಹೊಸದರಲ್ಲಿ ಹಿಡಿಯುತ್ತಿದ್ದದ್ದು, ಫುಲ್ ಚಾರ್ಜ್ ಕೆಪಾಸಿಟಿ ಅಂದ್ರೆ ಈಗ ಹಿಡಿಯೋದು. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಎತ್ತಿಡಿ.

ಸ್ಲೋ ಆಗಿದೆ ಅನ್ನೋರಿಗೆ ಒಂದೇ ಮಾತು: ಒಳಗೆ ಇನ್ನೂ ಹಳೇ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಬೇರೆ ಏನೂ ಮಾಡಬೇಡಿ, ಎಸ್‌ಎಸ್‌ಡಿ ಹಾಕಿಸಿ. ಕಾಫಿ ಚೆಲ್ಲಿದರೆ ಒರೆಸೋದಕ್ಕಿಂತ ಮುಂಚೆ ಆಫ್ ಮಾಡಿ ಕವುಚಿ ಹಾಕಿ. ಅಕ್ಕಿ ಡಬ್ಬದೊಳಗೆ ಇಡಬೇಡಿ, ‘ಆನ್ ಆಗುತ್ತಾ ನೋಡೋಣ’ ಅಂತ ಗಂಟೆಗೊಮ್ಮೆ ಒತ್ತಲೂಬೇಡಿ. ಒಂದು ಸಲ ಬಿಚ್ಚಿಸಿ ಒಳಗೆ ಕ್ಲೀನ್ ಮಾಡಿಸೋದೇ ಸರಿ.

ಹೊಸ ಬ್ಯಾಟರಿ ಹಾಕಿಸಿಕೊಂಡು ಸಂಜೆ ಮನೆಗೆ ಬಂದಾಗ, ಚಿಕ್ಕಮ್ಮ ಅಡುಗೆಮನೆಯ ಡೈರಿ ತಂದು ತೋರಿಸಿದರು. ಹಾಲಿನ ಲೆಕ್ಕ, ಗ್ಯಾಸ್ ಬುಕಿಂಗ್ ನಂಬರು, ಅದರ ಕೆಳಗೆ 48 ಅಂಕಿ, ದುಂಡಗಿನ ಅಕ್ಷರದಲ್ಲಿ. “ಸರಿಯಾಗಿದೆಯಾ ನೋಡಪ್ಪ” ಅಂದರು. ಫೋನ್ ತೆಗೆದು ಒಂದೊಂದೇ ಗುಂಪು ತಾಳೆ ನೋಡಿದೆ. ಸರಿಯಾಗಿತ್ತು.